ನೀಲಾಳ ದನಿ ತರಲು ಸಿಂಗಪುರಕ್ಕೆ

ಉಣಕಲ್

ಆ ದಿನ ಮುಂಜಾನೆ ನನ್ನ ಹೆಂಡತಿ ನೀಲಾ ಗ್ಯಾಲರಿಯಲ್ಲಿ ನಿಂತು ಕಾಯಿಪಲ್ಲೆ ಮಾರುವ ಯಲ್ಲವ್ವನ ಜೊತೆ ಬದನೆಕಾಯಿಗಾಗಿ ವಾದಕ್ಕೆ ಇಳಿದಿದ್ದಳು.

“ಏ ಯಲ್ಲವ್ವಾ, ಮುಳಗಾಯಿ ಜೋಡಿ ಹುಳಾನೂ ಮಾರಾಕತ್ತೀಯೇನ?”

“ಹುಳ ಭಾಳ ಶಾಣ್ಯಾ ಇರತಾವ್ರಿ ಅಕ್ಕಾರ. ಛಲೋ ಮುಳಗಾಯಿ ನೋಡೇ ಹೊಗತಾವ!”

ನೀಲಾ ನಕ್ಕಳು. ನಗು ಕೆಮ್ಮಾಯಿತು. ಕೆಲವು ದಿನಗಳಿಂದ ಗಂಟಲು ಕಟ್ಟಿತ್ತು, ಬೆಲ್ಲ ಮೆಣಸು ಹಾಕಿದ ಕಷಾಯ ಕುಡಿಯುತ್ತಿದ್ದಳು. ಮಧ್ಯಾಹ್ನ ನಾನು ಹಿತ್ತಲಲ್ಲಿ ಸೈಕಲ್ ತೊಳೆಯುತ್ತಿದ್ದಾಗ ಒಳಗಿನಿಂದ ಕೂಗಿದಳು: “ಏನ್ರೀ, ಊಟಕ್ಕ ಬರ್ರಿ. ರೊಟ್ಟಿ ಆರಾಕತ್ತಾವ.” ನಾನು “ಬಂದೆ” ಎಂದೆ. ಎಂದಿನಂತೆ ಹೋಗಲಿಲ್ಲ. ಎಂದಿನಂತೆ ಅವಳು ಇನ್ನೊಮ್ಮೆ ಕೂಗಿದಳು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡೆವು. ನಾಳೆ ಒಂದು ಸಲ ಡಾಕ್ಟರಿಗೆ ತೋರಿಸಿ ಬರೋಣ ಎಂದು ಮಾತಾಯಿತು.

ಗಂಟಲಿನಲ್ಲಿ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಆಪರೇಷನ್‌ಗೆ ಮುಂಚೆ ಸ್ವಲ್ಪ ಕಾಲಾವಕಾಶ ಸಿಕ್ಕಿತು. ನಮ್ಮ ಓಣಿಯ ತುದಿಯಲ್ಲಿ ಇರ್ಫಾನನ ಸೈಬರ್ ಕೆಫೆ ಇತ್ತು. ನೀಲಾ ಅಲ್ಲಿ ಮೇಲ್ ಕಳಿಸುವುದನ್ನು ಕಲಿತಿದ್ದಳು. ಒಂದು ದಿನ ಹೋಗಿ, ಫ್ಯಾನ್ ಬಂದ್ ಮಾಡಿಸಿ, ಪ್ಲೈವುಡ್ ಗೂಡಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಳಿತಳು. ತನ್ನ ದನಿಯನ್ನು ತುಂಬಿಸಿಡಬೇಕು ಎಂದಳು.

“ಒಂದು ಹಾಡು ಹಾಡ್ರಿ ಅಕ್ಕಾರ” ಎಂದ ಇರ್ಫಾನ್.

“ಹಾಡು ಹಾಡಾವ್ರು ಊರ ತುಂಬ ಅದಾರಪಾ. ನಮ್ಮ ಮನಿಯವ್ರನ್ನ ಊಟಕ್ಕ ಕರಿಯಾವ್ರು ಯಾರದಾರ?”

ಹಾಗಾಗಿ ಹಾಡು ಹಾಡಲಿಲ್ಲ. ಹಾಲಿನವ ಬಂದಾನ ನೋಡ್ರಿ, ಛಾವಿ ಎಲ್ಲಿಟ್ರಿ, ಲಗೂ ಬರ್ರಿ, ಸಾಕ ಬಿಡ್ರಿ ನಿಮ್ಮ ಮಾತ. ಇಂಥವನ್ನೇ ಒಂದೊಂದಾಗಿ ಹೇಳಿದಳು. ಎಲ್ಲಕ್ಕಿಂತ ಮೊದಲು ಹೇಳಿದ್ದು ಊಟದ ಕರೆ. ಇರ್ಫಾನ್ ಅದನ್ನು ನಮ್ಮ ಮನೆಯ ಕಂಪ್ಯೂಟರಿಗೂ ಹಾಕಿಕೊಟ್ಟ, ಇಂಟರ್ನೆಟ್‌ನಲ್ಲಿ ಪುಕ್ಕಟೆ ಜಾಗ ಕೊಡುವ ಒಂದು ಕಂಪನಿಯಲ್ಲಿಯೂ ಇಟ್ಟ.

“ಮನಿ ಕಂಪ್ಯೂಟರ್ ನಂಬಬ್ಯಾಡ್ರಿ ಅಣ್ಣಾರ, ನಮ್ಮೂರ ಕರೆಂಟ್ ಎಂಥಾದ್ದಂತ ಗೊತ್ತೈತಲ್ಲ. ಇಲ್ಲಿ ಇಟ್ರ ಸುಡಂಗಿಲ್ಲ, ತೋಯಂಗಿಲ್ಲ, ಕಳುವ ಆಗಂಗಿಲ್ಲ” ಎಂದ.

ಆಪರೇಷನ್ ಆದ ಮೇಲೆ ನೀಲಾ ಪಾಟಿಯ ಮೇಲೆ ಬರೆದು ಮಾತಾಡಿದಳು. ಊಟದ ಹೊತ್ತಿಗೆ ಮಾತ್ರ ಕಂಪ್ಯೂಟರಿನ ಗುಂಡಿ ಒತ್ತುತ್ತಿದ್ದಳು. ಸ್ಪೀಕರಿನಿಂದ ಅವಳೇ ಕರೆಯುತ್ತಿದ್ದಳು. ನಾನು ತಡ ಮಾಡಿದರೆ ದನಿ ಜೋರು ಮಾಡಿ ಮತ್ತೆ ಮತ್ತೆ ಒತ್ತುತ್ತಿದ್ದಳು. ಪಕ್ಕದ ಮನೆಯವರು ದನಿ ವಾಪಸು ಬಂತೇನೋ ಎಂದು ಓಡಿ ಬಂದಿದ್ದರು.

ಮರುವರ್ಷ ಯುಗಾದಿ ಮುಗಿದ ಮೇಲೆ ಅವಳು ತೀರಿಹೋದಳು. ನಮಗೆ ಮಕ್ಕಳಿಲ್ಲ. ನಾನೇ ಗುಂಡಿ ಒತ್ತಿ, ಕರೆಸಿಕೊಂಡು, ಊಟ ಮಾಡುತ್ತಿದ್ದೆ. ಮೊದಲ ಮಳೆಗೆ ಸಿಡಿಲು ಹೊಡೆದು ಕಂಪ್ಯೂಟರ್ ಸುಟ್ಟಿತು. ಇರ್ಫಾನನ ಬಳಿ ಹೋದೆ. ಅವನ ಅಂಗಡಿಯಲ್ಲಿ ನಕಲು ಉಳಿದಿರಲಿಲ್ಲ. ಅವನು ಕಂಪನಿಯ ಪುಟ ತೆರೆದು ಓದಿ ಹೇಳಿದ. ಕಂಪನಿ ಹೊಸ ಯಂತ್ರಗಳನ್ನು ಹಾಕಿತ್ತು. ಸಾಮಾನನ್ನು ಹೊಸ ಜಾಗಕ್ಕೆ ಒಯ್ಯಬೇಕೆ ಎಂದು ಎಲ್ಲರಿಗೂ ಮೇಲ್ ಕಳಿಸಿತ್ತು. ಉತ್ತರ ಕೊಡದವರದನ್ನು ಒಯ್ದಿರಲಿಲ್ಲ. ನೀಲಾಳಿಗೆ ಬಂದ ಮೇಲ್‌ಗಳು ತೆರೆಯದೆ ಬಿದ್ದಿದ್ದವು. ಪುಟದ ಕೆಳಗೆ ಸಿಂಗಪುರದ ಒಂದು ವಿಳಾಸವಿತ್ತು. ಇರ್ಫಾನ್ ಬರೆದು ಕೇಳಿದ. ನಿಮ್ಮ ಪ್ರಶ್ನೆ ನಮಗೆ ಮುಖ್ಯ ಎಂದು ಉತ್ತರ ಬಂತು. ಆಮೇಲೆ ಏನೂ ಬರಲಿಲ್ಲ.

ದುರ್ಗದಬೈಲ್

ನನ್ನದು ದುರ್ಗದಬೈಲ್ ಪೇಟೆಯಲ್ಲಿ ಭಾಂಡೆ ಅಂಗಡಿ, ಪಾತ್ರೆಗಳ ವ್ಯಾಪಾರ. ಅಪ್ಪನ ಕಾಲದಿಂದ ನಮ್ಮಲ್ಲಿ ಒಂದು ರೂಢಿ ಇದೆ. ಹಳ್ಳಿಯಿಂದ ಸಂತೆಗೆ ಬಂದವರು ತಮ್ಮ ಚೀಲ ನಮ್ಮ ಅಂಗಡಿಯಲ್ಲಿ ಇಟ್ಟು ಪೇಟೆ ತಿರುಗಲು ಹೋಗುತ್ತಾರೆ. ನಮ್ಮಲ್ಲಿ ಏನಾದರೂ ಕೊಂಡಿರಬೇಕೆಂದೇನೂ ಇಲ್ಲ. ಚೀಟಿ ಇಲ್ಲ, ಬಾಡಿಗೆ ಇಲ್ಲ. “ಸಾವ್ಕಾರ್ರ, ಇದನ್ನ ಈಟ ನೋಡ್ಕೊಳ್ರಿ” ಎಂದರೆ ಮುಗಿಯಿತು. ಸಂಜೆ ಬಂದು ಮುಖ ತೋರಿಸಿದರೆ ಚೀಲ ಕೈಗೆ ಬರುತ್ತದೆ.

ಒಂದು ಚೀಲವನ್ನು ಒಯ್ಯಲು ಯಾರೂ ಬರಲೇ ಇಲ್ಲ. ಒಬ್ಬ ಹೆಣ್ಣುಮಗಳು ಇಟ್ಟು ಹೋದದ್ದು. ಅದರಲ್ಲಿ ಒಂದು ಮಗುವಿನ ಲಂಗ, ಒಂದು ಡಜನ್ ಬಳೆ ಇವೆ. ಅಂಗಡಿ ಕೆಡವಿ ಕಟ್ಟಿಸುವಾಗ ಅದನ್ನು ಎದುರಿನ ಅಂಗಡಿಯಲ್ಲಿ ಇಟ್ಟು, ಕಟ್ಟಡ ಮುಗಿದ ಮೇಲೆ ನಾನೇ ಕೈಯಾರೆ ತಂದು ಮೊಳೆಗೆ ತೂಗುಹಾಕಿದೆ. ಆಕೆಯನ್ನು ಕೇಳದೆ ಅದನ್ನು ಎಸೆಯಲು ನಾನ್ಯಾರು?

ಆದ್ದರಿಂದ ಕುಕ್ಕರ್ ಕಂಪನಿಯವರು ಡೀಲರುಗಳನ್ನು ಸಿಂಗಪುರಕ್ಕೆ ಕರೆದೊಯ್ಯುತ್ತೇವೆ ಎಂದಾಗ ನಾನು ಹೆಸರು ಬರೆಸಿದೆ. ಮೇಲ್‌ಗೆ ಉತ್ತರ ಕೊಡದವನು ಎದುರಿಗೆ ಹೋಗಿ ನಿಂತರೆ ಇಲ್ಲ ಎನ್ನಲಾರ ಎಂಬುದು ನಮ್ಮ ಪೇಟೆಯ ನಂಬಿಕೆ. ಮುಖ ನೋಡಿದ ಮೇಲೆ ಒಳಗೆ ಹೋಗಿ ಹುಡುಕುತ್ತಾನೆ, ಹುಡುಕಿದರೆ ಸಿಗುತ್ತದೆ. ಕೈಬೀಸಿಕೊಂಡು ಹೋಗಬಾರದೆಂದು ಧಾರವಾಡ ಪೇಡೆಯ ಡಬ್ಬಿ ಕಟ್ಟಿಸಿದೆ. ನೀಲಾಳ ಫೋಟೋ, ಮರಣದ ದಾಖಲೆ, ನಮ್ಮ ರೇಷನ್ ಕಾರ್ಡು ಜೊತೆಗಿಟ್ಟುಕೊಂಡೆ.

ಗಬ್ಬೂರ ಬೈಪಾಸ್

ಬೆಂಗಳೂರಿಗೆ ಹೋಗುವ ಬಸ್ಸು ಗಬ್ಬೂರ ಬೈಪಾಸಿನಲ್ಲಿ ಧಾರವಾಡದವರಿಗಾಗಿ ಕಾಯಿತು. ಧಾರವಾಡದ ಸ್ಟೀಲ್ ಸಾಮಾನಿನ ವ್ಯಾಪಾರಿ ಬಸೆಟ್ಟೆಪ್ಪ ಹತ್ತಿದ. ನನ್ನ ಹಳೆಯ ಗೆಳೆಯ, ನೀಲಾಳಿಗೆ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದವನು. ಹಿತ್ತಾಳೆ ಸಾಮಾನು ತರಲು ಕುಂಭಕೋಣಕ್ಕೆ ಹೋಗಿ ಹೋಗಿ ತಮಿಳು ಕಲಿತವನು. ಅವನ ಕೈಯಲ್ಲಿ ಖಡಕ್ ರೊಟ್ಟಿಯ ದೊಡ್ಡ ಗಂಟಿತ್ತು.

“ಇಷ್ಟೂ ನೀವ ತಿಂತೀರೇನ?” ಎಂದು ಯಾರೋ ಕೇಳಿದರು.

“ಇಲ್ಲಪಾ, ಸಿಂಗಪುರದಾಗ ಬ್ರ್ಯಾಂಚ್ ತಗೀತೇನಿ” ಎಂದ.

ಬಸ್ಸೆಲ್ಲ ನಕ್ಕಿತು. ನನ್ನ ಪಕ್ಕದಲ್ಲಿ ಕುಳಿತ ಮೇಲೆ ಅವನು ದನಿ ತಗ್ಗಿಸಿದ. “ಖರೇ ಹೇಳ್ರಿ ಶಿವಾನಂದಣ್ಣ. ನೀವು ಊರು ನೋಡಾಕ ಬಂದಿಲ್ಲ.” ನಾನು ವಿಷಯ ಹೇಳಿದೆ. ಅವನು ರೊಟ್ಟಿ ಗಂಟನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದ. “ವೈನಿ ದನಿ ಅಲ್ಲೈತಂದ್ರ ಬಿಟ್ಟ ಬರಾಕ ಆಗತೈತೇನ? ನಾ ಜೋಡಿ ಬರ್ತೇನಿ” ಎಂದ.

ಹೋಟೆಲಿನಲ್ಲಿ

ಸಿಂಗಪುರ ಚೊಕ್ಕಟವಾಗಿದೆ, ರಸ್ತೆಯ ಮೇಲೆ ಯಾರೂ ಉಗುಳುವುದಿಲ್ಲ ಎಂದು ಅಲ್ಲಿಗೆ ಹೋಗಿ ಬಂದವರೆಲ್ಲ ಹೇಳುತ್ತಾರೆ. ಅದು ನಿಜ. ನನ್ನ ಕಿವಿಗೆ ಬಿದ್ದದ್ದು ಬೇರೆ. ಆ ಊರಿನ ತುಂಬ ಕಾಣದ ಹೆಂಗಸರು ಮಾತಾಡುತ್ತಾರೆ. ಲಿಫ್ಟಿನಲ್ಲಿ ಒಬ್ಬಳು ಬಾಗಿಲು ಮುಚ್ಚುತ್ತಿದೆ ಎನ್ನುತ್ತಾಳೆ. ರೈಲಿನಲ್ಲಿ ಒಬ್ಬಳು ಹುಷಾರಾಗಿ ಇಳಿಯಿರಿ ಎನ್ನುತ್ತಾಳೆ. ಎಲ್ಲ ತುಂಬಿಸಿಟ್ಟ ದನಿಗಳು. ಅವರು ಯಾರು, ಯಾರ ಮನೆಯವರು, ಬದುಕಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವರ ದನಿ ಮಾತ್ರ ಜೋಪಾನವಾಗಿದೆ. ಮೊದಲ ದಿನವೇ ನನಗೆ ಆ ಊರಿನ ಮೇಲೆ ಸಿಟ್ಟು ಬಂತು.

ಎರಡನೆಯ ದಿನ ಮುಂಜಾನೆ ಬಸೆಟ್ಟೆಪ್ಪ ಸ್ನಾನ ಮಾಡಿ, ಲಿಂಗಪೂಜೆಗೆ ಕುಳಿತು, ಊದಿನಕಡ್ಡಿ ಹಚ್ಚಿದ. ಒಂದಲ್ಲ, ಒಂದು ಮುಷ್ಟಿ. ಸ್ವಲ್ಪ ಹೊತ್ತಿಗೆ ಚಾವಣಿಯ ಯಂತ್ರ ಕಿರುಚಿತು. ಅದರ ಹಿಂದೆಯೇ ಒಬ್ಬ ಹೆಂಗಸಿನ ದನಿ, ಗಾಬರಿಯೇ ಇಲ್ಲದ ದನಿ, ಎಲ್ಲರೂ ಹೊರಗೆ ಹೋಗಿ ಎಂದಿತು. ಹೋಟೆಲಿನ ಮಂದಿಯೆಲ್ಲ ಚಡ್ಡಿ ಬನಿಯನ್ನಿನಲ್ಲಿ ಮೆಟ್ಟಿಲಿಳಿದು ರಸ್ತೆಗೆ ಬಂದರು. ಬಸೆಟ್ಟೆಪ್ಪ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಅವರ ನಡುವೆ ನಿಂತಿದ್ದ.

ಮ್ಯಾನೇಜರ್ ಬಂದು ಬೆಂಕಿ ಎಲ್ಲಿ ಎಂದು ಕೇಳಿದ.

“ಹೊಗಿ ಅಷ್ಟಪಾ. ನಮ್ಮ ದೇವರಿಗೆ ಬೇಕಾಗೇತಿ” ಎಂದ ಬಸೆಟ್ಟೆಪ್ಪ. ನಮ್ಮವರು ನಕ್ಕರು. ನೀಲಾ ಇದ್ದಿದ್ದರೆ ಅವಳೂ ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ಊಟದ ಅಂಗಳ

ಅಲ್ಲಿ ದೊಡ್ಡ ದೊಡ್ಡ ಊಟದ ಅಂಗಳಗಳಿವೆ. ಸುತ್ತಲೂ ಸಣ್ಣ ಅಂಗಡಿಗಳು, ನಡುವೆ ಟೇಬಲ್‌ಗಳು. ನಾವು ರೊಟ್ಟಿ ಗಂಟು ಬಿಚ್ಚಲು ಒಂದು ಖಾಲಿ ಟೇಬಲ್ ಹಿಡಿದೆವು. ಅದರ ಮೇಲೆ ಕಾಗದದ ಕರವಸ್ತ್ರದ ಸಣ್ಣ ಪೊಟ್ಟಣವೊಂದು ಬಿದ್ದಿತ್ತು. ಬಸೆಟ್ಟೆಪ್ಪ ಅದರಿಂದ ಮೂಗು ಒರೆಸಿಕೊಂಡ. ಪಕ್ಕದ ಟೇಬಲಿನ ಮುದುಕಿ ಗಾಬರಿಯಿಂದ ಕೈ ಆಡಿಸಿದಳು. ಆಮೇಲೆ ತಿಳಿಯಿತು. ಆ ಪೊಟ್ಟಣ ಇಟ್ಟರೆ ಜಾಗ ಹಿಡಿದಂತೆ. ಇಟ್ಟವರು ಊಟ ತರಲು ಹೋಗುತ್ತಾರೆ. ಅವರು ಬರುವ ತನಕ ಯಾರೂ ಅಲ್ಲಿ ಕೂರುವುದಿಲ್ಲ, ಪೊಟ್ಟಣ ಮುಟ್ಟುವುದಿಲ್ಲ. ಮಂದಿ ತಟ್ಟೆ ಹಿಡಿದು ಜಾಗವಿಲ್ಲದೆ ನಿಂತಿದ್ದರೂ ಅಷ್ಟೇ.

ಜಾಗದ ಯಜಮಾನ ಬಂದ. ನಾವು ಎದ್ದೆವು. ಅವನು ಸಿಟ್ಟಾಗಲಿಲ್ಲ. ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು, ಇಟ್ಟುಕೋ ಎಂದು ಬಸೆಟ್ಟೆಪ್ಪನಿಗೇ ಕೊಟ್ಟ.

“ನೋಡ್ರಿ ಶಿವಾನಂದಣ್ಣ, ಇವ್ರೂ ನಮ್ಮಂಗ. ಇಟ್ಟ ಸಾಮಾನು ಮುಟ್ಟಾವ್ರಲ್ಲ” ಎಂದ ಬಸೆಟ್ಟೆಪ್ಪ.

ಆ ದಿನ ಪೂರ್ತಿ ನನಗೆ ಆ ಪೊಟ್ಟಣವೇ ಕಣ್ಣಿಗೆ ಕಟ್ಟಿತ್ತು. ಮೂಗು ಒರೆಸುವ ಕಾಗದಕ್ಕೆ ಇಷ್ಟು ಮರ್ಯಾದೆ ಕೊಡುವ ಊರಿನಲ್ಲಿ ಒಬ್ಬ ಹೆಂಗಸಿನ ದನಿಯನ್ನು ಎಸೆದಿರುವುದಿಲ್ಲ, ಎಲ್ಲೋ ಬದಿಗಿಟ್ಟಿದ್ದಾರೆ ಎಂದುಕೊಂಡೆ. ಸಿಂಗಪುರದಲ್ಲಿ ನಾನು ಹೊಟ್ಟೆ ತುಂಬ ಉಂಡದ್ದು ಅವತ್ತೊಂದೇ ದಿನ.

ಕಂಪನಿಯ ಆಫೀಸು

ಮರುದಿನ ಉಳಿದವರೆಲ್ಲ ಪಕ್ಷಿಧಾಮ ನೋಡಲು ಹೋದರು. ನಾವಿಬ್ಬರು ದನಿ ಇಟ್ಟ ಕಂಪನಿಯ ವಿಳಾಸದ ಚೀಟಿ ಹಿಡಿದು ಊರ ಹೊರಗಿನ ಕೈಗಾರಿಕೆ ಬಡಾವಣೆಗೆ ಹೋದೆವು. ಮುಂದಿನ ಮೇಜಿನಲ್ಲಿ ಮಲರ್ ಎಂಬ ತಮಿಳು ಹುಡುಗಿ ಕುಳಿತಿದ್ದಳು. ಮುಂಚೆ ಹೇಳಿ ಬರಬೇಕಿತ್ತು ಎಂದಳು. ಬಸೆಟ್ಟೆಪ್ಪ ತಮಿಳಿನಲ್ಲಿ ಎಲ್ಲ ಹೇಳಿದ. ನಾನು ಫೋಟೋ, ದಾಖಲೆ, ರೇಷನ್ ಕಾರ್ಡು ಮೇಜಿನ ಮೇಲೆ ಜೋಡಿಸಿದೆ. ಪೇಡೆ ಡಬ್ಬಿಯನ್ನೂ ಇಟ್ಟೆ. ಅವಳ ಮುಖ ಮೆತ್ತಗಾಯಿತು.

“ಏನಂತಾಳ?” ಎಂದು ಬಸೆಟ್ಟೆಪ್ಪನನ್ನು ಕೇಳಿದೆ.

“ಮೊದಲ ಕುಂದರ್ರಿ ಅಂತಾಳ.”

ಅವಳು ನೀಲಾಳ ಹೆಸರು ಹಾಕಿದಳು. ಗುಟ್ಟಿನ ಪದ ನನಗೆ ಗೊತ್ತಿತ್ತು, ನೀಲಾಳ ತವರೂರಿನ ಹೆಸರು. ಒತ್ತಿದ ಕೂಡಲೇ ಪುಟ ತೆರೆಯಿತು. ಇರ್ಫಾನನ ಅಂಗಡಿಯಲ್ಲಾದರೆ ಒಂದು ಚಹಾ ಕುಡಿದು ಮುಗಿಸುವ ತನಕ ಕಾಯಬೇಕಿತ್ತು. ದೊಡ್ಡ ಅಕ್ಷರಗಳಲ್ಲಿ ಬಂತು: ಸ್ವಾಗತ, ನೀಲಾ.

ನಾನು ಎದ್ದು ನಿಂತೆ. ಬಸೆಟ್ಟೆಪ್ಪ ನನ್ನ ತೋಳು ಹಿಡಿದ. ಹೆಸರು ಇದ್ದರೆ ಸಾಮಾನೂ ಇರಬೇಕಲ್ಲ. ಆದರೆ ಹೆಸರಿನ ಕೆಳಗೆ ಬರೀ ಬಿಳಿ. ಮಲರ್ ಅತ್ತ ಇತ್ತ ಒತ್ತಿ ನೋಡಿದಳು. ಆಮೇಲೆ ಕೆಳಗಿನ ಒಂದು ಸಾಲು ತೋರಿಸಿ ಏನೋ ಹೇಳಿದಳು.

“ಹೊಸಾ ಯಂತ್ರ ಬಂದಾವಂತ್ರಿ. ವೈನಿ ಜಾಗ ಮೊದಲಿಗಿಂತ ಹತ್ತು ಪಟ್ಟು ಆಗೇತಂತ.”

“ಜಾಗ ಕೇಳಾಕ ಬಂದಿಲ್ಲ ನಾ. ಇಟ್ಟ ಸಾಮಾನು ಎಲ್ಲೈತಿ ಕೇಳ್ರಿ.”

ಅವಳು ಒಳಗೆ ಹೋಗಿ ಮೇಲಧಿಕಾರಿಯನ್ನು ಕರೆತಂದಳು. ಬಿಳಿ ಅಂಗಿಯ, ವಿನಯದ ಮನುಷ್ಯ. ಹೊಸ ವ್ಯವಸ್ಥೆಯ ಬಗ್ಗೆ ಬಹಳ ಹೊತ್ತು ಹೇಳಿದ. ಮೊದಲು ಒಂದು ಡಿಸ್ಕ್ ಕೆಟ್ಟರೆ ಅದರಲ್ಲಿದ್ದುದೆಲ್ಲ ಹೋಗುತ್ತಿತ್ತಂತೆ. ಈಗ ಪ್ರತಿಯೊಂದರ ಮೂರು ನಕಲು, ಮೂರು ಬೇರೆ ಕಟ್ಟಡಗಳಲ್ಲಿ. ಒಂದಕ್ಕೆ ಬೆಂಕಿ ಬಿದ್ದರೂ ಉಳಿದೆರಡು ಇರುತ್ತವೆ. ಅವುಗಳ ನಡುವೆ ಗಾಜಿನ ತಂತಿ, ಅದರಲ್ಲಿ ಎಲ್ಲವೂ ಬೆಳಕಾಗಿ ಓಡುತ್ತದೆ. ಮಲರ್ ತಮಿಳಿನಲ್ಲಿ ಹೇಳಿದಳು, ಬಸೆಟ್ಟೆಪ್ಪ ನನಗೆ ಕನ್ನಡದಲ್ಲಿ ಹೇಳಿದ. ನನಗೆ ಎಲ್ಲ ಅರ್ಥವಾಯಿತು. ಒಳ್ಳೆಯ ವ್ಯವಸ್ಥೆ. ನೀಲಾಳ ಜಾಗದಲ್ಲಿ ಏನೂ ಇಲ್ಲದ್ದನ್ನು ಅವರು ಮೂರು ಕಡೆ ಕಾಯುತ್ತಿದ್ದರು.

“ಹಳೇ ಡಿಸ್ಕ್ ಎಲ್ಲದಾವು?” ಎಂದು ಕೇಳಿಸಿದೆ.

“ಯಂತ್ರಕ್ಕ ಹಾಕಿ ಚೂರು ಮಾಡ್ಯಾರಂತ್ರಿ. ಮಂದಿ ಗುಟ್ಟು ಮತ್ತೊಬ್ಬರ ಕೈಗೆ ಸಿಗಬಾರದಂತ.”

“ಅದರಾಗ ಏನ ಗುಟ್ಟಿತ್ತು? ಊಟಕ್ಕ ಬರ್ರಿ ಅಂದಿದ್ಲು, ಅಷ್ಟ.”

ಬಸೆಟ್ಟೆಪ್ಪನಿಗೆ ಅದನ್ನು ತಮಿಳಿನಲ್ಲಿ ಹೇಳಲು ಆಗಲಿಲ್ಲ. ನಾನು ನಮ್ಮ ಅಂಗಡಿಯ ಚೀಲದ ಕಥೆ ಹೇಳಲು ಹಚ್ಚಿದೆ. ಅದನ್ನು ಅವನು ಹೇಳಿದ. ಅಧಿಕಾರಿ ತಲೆ ತಗ್ಗಿಸಿ ಕೇಳಿದ. ತಾವು ಮತ್ತೆ ಮತ್ತೆ ಮೇಲ್ ಕಳಿಸಿದ್ದೇವೆ, ಉತ್ತರ ಬರಲಿಲ್ಲ ಎಂದ.

“ಸತ್ತಾಕಿನ್ನ ಕೇಳ್ಯಾರ, ಆಕಿ ಉತ್ತರ ಕೊಡಲಿಲ್ಲಂತ ಚೂರು ಮಾಡ್ಯಾರ. ಹೇಳ್ರಿ ಬಸೆಟ್ಟೆಪ್ಪ, ನಾ ಅಂದಂಗ ಹೇಳ್ರಿ.”

ಅವನು ಹೇಳಿದ. ಮಲರ್ ಕಣ್ಣು ಒರೆಸಿಕೊಂಡಳು. ಅಧಿಕಾರಿ ಒಳಗೆ ಹೋಗಿ ಒಂದು ನೀಲಿ ಮಖಮಲ್ಲಿನ ಡಬ್ಬಿ ತಂದು ಎರಡೂ ಕೈಯಲ್ಲಿ ಕೊಟ್ಟ. ಒಳಗೆ ಗಾಜಿನಂಥ ಒಂದು ಗಟ್ಟಿ. ಅದರ ಹೊಟ್ಟೆಯಲ್ಲಿ ಬೆಳ್ಳಿಬಣ್ಣದ ಚೂರುಗಳು. ಹೊಸ ಯಂತ್ರಗಳು ಬಂದ ಸಂತೋಷಕ್ಕೆ ಹಳೆಯ ಡಿಸ್ಕುಗಳ ಚೂರು ಹಾಕಿ ಮಾಡಿಸಿದ್ದು. ಅತಿಥಿಗಳಿಗೆ ಕೊಡುತ್ತಾರಂತೆ.

ನಾನು ತೆಗೆದುಕೊಂಡೆ. ಪೇಡೆ ಡಬ್ಬಿ ವಾಪಸು ಕೊಟ್ಟರು, ಗಿರಾಕಿಗಳಿಂದ ಏನೂ ತೆಗೆದುಕೊಳ್ಳಬಾರದು ಎಂಬ ನಿಯಮವಂತೆ. ಬಾಗಿಲ ತನಕ ಬಂದ ಮಲರ್ ಮಾತ್ರ ಡಬ್ಬಿ ತೆರೆಸಿ, ಒಂದು ಪೇಡೆ ತೆಗೆದು, ಅಲ್ಲೇ ನಿಂತು ತಿಂದಳು.

ಕಿಟಕಿ ಇಲ್ಲದ ಕಟ್ಟಡ

ರಸ್ತೆಯ ಆಚೆ ಒಂದು ಕಟ್ಟಡವಿತ್ತು. ನಮ್ಮ ಹತ್ತಿಯ ಗೋದಾಮಿನಷ್ಟು ದೊಡ್ಡದು, ಒಂದೂ ಕಿಟಕಿ ಇಲ್ಲ. ಯಂತ್ರಗಳಿರುವ ಮೂರು ಕಟ್ಟಡಗಳಲ್ಲಿ ಅದೂ ಒಂದು ಎಂದು ಮಲರ್ ಹೇಳಿದ್ದಳು. ಹತ್ತಿರ ಹೋದರೆ ಹತ್ತಿ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಯಂತೆ ಗುಂಯ್ ಎನ್ನುತ್ತಿತ್ತು. ಯಂತ್ರಗಳು ಬಿಸಿಯಾಗದಂತೆ ತಣ್ಣನೆಯ ಗಾಳಿ ಬಿಡುವ ಸದ್ದು. ಲಕ್ಷಾಂತರ ಮಂದಿಯ ಮಾತು, ಫೋಟೋ, ಹಾಡು ಒಳಗೆ ತಂಪಾಗಿದ್ದವು. ಕಾವಲಿನವನು ಬಂದು, “ಅಂಕಲ್, ಇಲ್ಲಿ ನಿಲ್ಲಬಾರದು” ಎಂದ. ಆ ಊರಿನಲ್ಲಿ ಪರಿಚಯವಿಲ್ಲದ ಹಿರಿಯರನ್ನೂ ಅಂಕಲ್ ಎನ್ನುತ್ತಾರೆ. ಸಂಬಂಧ ಹಚ್ಚಿ ಕರೆದು, ಆಮೇಲೆ ಹೊರಗೆ ಕಳಿಸುತ್ತಾರೆ.

ಬಸ್ ಸ್ಟಾಪಿನಲ್ಲಿ ಬಸೆಟ್ಟೆಪ್ಪ ಡಬ್ಬಿ ತೆಗೆದು ಗಟ್ಟಿಯನ್ನು ಬಿಸಿಲಿಗೆ ಹಿಡಿದ.

“ಇದರಾಗ ವೈನಿ ದನೀನೂ ಇರಬೌದಲ್ರಿ. ಒಂದು ಚೂರರೆ?”

ಅವನು ಸಮಾಧಾನಕ್ಕೆ ಹೇಳಿದ್ದು. “ಇದ್ರ ಇರಲಿ. ಅಲ್ಲಿಂದ ಊಟಕ್ಕ ಕರೀತಾಳೇನ?” ಎಂದೆ. ಅವನು ಗಟ್ಟಿಯನ್ನು ಡಬ್ಬಿಯಲ್ಲಿಟ್ಟ. ಬಸ್ಸು ಬಂತು. ಒಳಗಿನಿಂದ ಒಬ್ಬ ಕಾಣದ ಹೆಂಗಸು ಮುಂದಿನ ಸ್ಟಾಪಿನ ಹೆಸರು ಹೇಳಿದಳು.

ಮರಳಿ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ನನ್ನ ಚೀಲ ಬಿಚ್ಚಿಸಿದ. ಎಲ್ಲರೂ ಟಿವಿ, ಕ್ಯಾಮೆರಾ ತಂದಿದ್ದರು. ನನ್ನ ಗಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಏನಿದು?” ಎಂದ. ನಾನು ಬಾಯಿ ತೆರೆಯುವ ಮುಂಚೆ ಬಸೆಟ್ಟೆಪ್ಪ, “ಶೋಪೀಸ್ರಿ ಸಾಹೇಬ್ರ, ಹೋಗ್ಲಿ ಬಿಡ್ರಿ” ಎಂದ. ಅವನು ಬಿಟ್ಟ. ಸುಂಕ ಹಾಕುವಂಥದ್ದು ಏನೂ ಇರಲಿಲ್ಲ.

ಇರ್ಫಾನ್ ಗಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿದ. “ಅಲ್ಲಿ ಯಾಕ ಇಟ್ಟಿ ಅಂತ ನನಗ ಬೈಯ್ರಿ ಅಣ್ಣಾರ” ಎಂದ. ನಾನು ಬೈಯಲಿಲ್ಲ. ಅವನ ಅಂಗಡಿಗೂ ಹೊಸ ಕಂಪ್ಯೂಟರ್‌ಗಳು ಬಂದಿವೆ, ಬ್ರಾಡ್‌ಬ್ಯಾಂಡ್ ಬಂದಿದೆ. ನೀಲಾ ಕುಳಿತ ಗೂಡನ್ನು ತೆಗೆದಿದ್ದಾನೆ.

ನಮ್ಮ ಮಂದಿಯ ಮದುವೆಯ ವಿಡಿಯೋಗಳನ್ನೂ ತರಿಸಿ ನೋಡಿದೆ. ಹಲವು ಕಡೆ ನೀಲಾ ಇದ್ದಾಳೆ. ಅಕ್ಕಿ ಹಾಕುತ್ತಾಳೆ, ಯಾರಿಗೋ ಏನೋ ಹೇಳಿ ನಗುತ್ತಾಳೆ, ನನ್ನನ್ನು ಕೈ ಮಾಡಿ ಕರೆಯುತ್ತಾಳೆ. ತುಟಿ ಅಲುಗುತ್ತದೆ. ಮಾತು ಅಳಿಸಿ ಅದರ ಮೇಲೆ ಸಿನಿಮಾ ಹಾಡು ಹಾಕಿದ್ದಾರೆ.

ಈ ದೀಪಾವಳಿಗೆ ಅಂಗಡಿಗೆ ಸುಣ್ಣ ಬಣ್ಣ ಮಾಡಿಸಿದೆ. ಬಣ್ಣದವರು ಮೊಳೆಯ ಮೇಲಿನ ಚೀಲ ಎಸೆಯೋಣವೇ ಎಂದು ಕೇಳಿದರು. ನಾನು ಇಳಿಸಿ, ಧೂಳು ಕೊಡವಿ, ಬಣ್ಣ ಒಣಗಿದ ಮೇಲೆ ಅದೇ ಮೊಳೆಗೆ ಹಾಕಿದೆ. ಆಕೆ ಬಂದರೆ ಲಂಗ, ಬಳೆ ಎರಡೂ ಇವೆ.

ಮಧ್ಯಾಹ್ನ ಉಣಕಲ್ಲಿನ ಮನೆಗೆ ಬರುತ್ತೇನೆ. ಅಡುಗೆಯವಳು ರೊಟ್ಟಿ ಮಾಡಿ ಮುಚ್ಚಿಟ್ಟು ಹೋಗಿರುತ್ತಾಳೆ. ಸ್ಪೀಕರ್ ಇದ್ದಲ್ಲೇ ಇದೆ. ಸಿಡಿಲಿಗೆ ಅದಕ್ಕೆ ಏನೂ ಆಗಲಿಲ್ಲ. ಊಟಕ್ಕೆ ಕರೆಯುವ ನೀಲಾಳ ದನಿ ಮನೆಯಲ್ಲಿ ಇಲ್ಲ, ಸಿಂಗಪುರದಲ್ಲಿಯೂ ಇಲ್ಲ.